ಪಕ್ಕದ ಸಾಲನ್ನೂ ಓದಿ

ರಾಜಕೀಯ ಚಿಂತಕರ ಪುಸ್ತಕದಿಂದ ಒಂದೇ ಒಂದು ವಾಕ್ಯ ಕಿತ್ತು ತಂದು, 'ನೋಡಿ ಎಂಥ ಮಾತು ಹೇಳಿದ್ದಾರೆ' ಅಂತ ಹಂಚುವುದು ಈಗ ಜಾಸ್ತಿಯಾಗಿದೆ. ನನಗೆ ಇದು ತುಂಬಾ ಬೇಸರ ತರಿಸುತ್ತದೆ. ಇಂಥ ಬರಹದಲ್ಲಿ ಕಷ್ಟದ ವಾಕ್ಯದ ಬೀಗದ ಕೈ ಬಹಳ ಸಲ ಅದರ ಪಕ್ಕದ ಸಾಲಿನಲ್ಲೇ ಇರುತ್ತದೆ.

ಫ್ರೆಂಚ್ ಭಾಷೆಯ ಚಿಂತಕ ರೂಸೋ 1762ರಲ್ಲಿ ಬರೆದ 'ಸಾಮಾಜಿಕ ಒಪ್ಪಂದ'ವನ್ನೇ ತೆಗೆದುಕೊಳ್ಳಿ. ಸಮಾಜದ ಒಟ್ಟು ಇಚ್ಛೆಗೆ, ಅಂದರೆ ಎಲ್ಲರ ಒಳಿತಿನ ಕಡೆಗಿರುವ ಇಚ್ಛೆಗೆ, ಒಬ್ಬ ಮಣಿಯದಿದ್ದರೆ ಉಳಿದವರೆಲ್ಲ ಸೇರಿ ಅವನನ್ನು ಮಣಿಸುತ್ತಾರೆ, ಅಂದರೆ ಸ್ವತಂತ್ರನಾಗಿರು ಅಂತ ಬಲವಂತ ಮಾಡುತ್ತಾರೆ ಎನ್ನುತ್ತಾನೆ. ಬಲವಂತದ ಸ್ವಾತಂತ್ರ್ಯವೇ? ಇಲ್ಲಿಗೇ ಪುಸ್ತಕ ಮುಚ್ಚಿದರೆ ಇವನು ಸರ್ವಾಧಿಕಾರಿಗಳ ಗುರು ಅನಿಸುವುದು ಸಹಜ. ಆದರೆ ಅವನು ಕೂಡಲೇ ಕಾರಣ ಕೊಡುತ್ತಾನೆ. ಯಾರೂ ಇನ್ನೊಬ್ಬ ವ್ಯಕ್ತಿಯ ಹಂಗಿಗೆ ಬೀಳದಂತೆ ಕಾಯುವುದು ಈ ವ್ಯವಸ್ಥೆಯೇ ಅಂತ. ಅವನ ಮಟ್ಟಿಗೆ ಸ್ವಾತಂತ್ರ್ಯ ಅಂದರೆ ಯಾವ ಒಡೆಯನ ಮರ್ಜಿಗೂ ಕಾಯದೆ ಬದುಕುವುದು. ಕಾನೂನು ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಅದು ಸಾಧ್ಯ. ಒಬ್ಬ ತಪ್ಪಿಸಿಕೊಂಡರೆ ಉಳಿದವರು ಅವನ ಕೈಕೆಳಗೆ ಬರುತ್ತಾರೆ. ಇಷ್ಟೆಲ್ಲ ತಿಳಿದ ಮೇಲೂ ನಾನು ಈ ಮಾತು ಒಪ್ಪುವುದಿಲ್ಲ. ಆ ಒಟ್ಟು ಇಚ್ಛೆ ಇದೇ ಅಂತ ತೀರ್ಮಾನಿಸುವವರು ಯಾರು? ಆ ಪ್ರಶ್ನೆ ಹಾಗೇ ಉಳಿಯುತ್ತದೆ. ಆದರೆ ಈಗ ನನ್ನ ತಕರಾರು ಅವನು ನಿಜವಾಗಿ ಹೇಳಿದ ಮಾತಿನ ಮೇಲೆ ಇದೆ.

ಇಂಗ್ಲಿಷ್ ಚಿಂತಕ ಹಾಬ್ಸ್ ಕೂಡ ಹಾಗೆಯೇ. ಎಲ್ಲರನ್ನೂ ಹದ್ದುಬಸ್ತಿನಲ್ಲಿಡುವ ಅಧಿಕಾರ ಇಲ್ಲದ ಕಡೆ ಪ್ರತಿಯೊಬ್ಬನಿಗೂ ಪ್ರತಿಯೊಬ್ಬನ ಜೊತೆ ಯುದ್ಧ ಅಂತ 1651ರ 'ಲೆವಿಯಾಥನ್'ನಲ್ಲಿ ಬರೆದ. ದಿನವೂ ಹೊಡೆದಾಟವಾ? ಅಲ್ಲ. ಒಂದೆರಡು ಮಳೆ ಬಿದ್ದರೆ ಹವೆ ಕೆಟ್ಟಿತು ಅನ್ನುವುದಿಲ್ಲ, ಮಳೆಯ ಲಕ್ಷಣ ದಿನಗಟ್ಟಲೆ ಇರಬೇಕು. ಯುದ್ಧವೂ ಹಾಗೇ ಅಂತ ಅವನೇ ಅಲ್ಲೇ ವಿವರಿಸುತ್ತಾನೆ. ಇನ್ನೊಬ್ಬ ಯಾವಾಗ ಮೇಲೆ ಬೀಳುತ್ತಾನೋ ಎಂಬ ಭಯ ಇದ್ದರೆ ಸಾಕು.

ಉದ್ದ ವಾಕ್ಯಗಳ ಕಷ್ಟ ಬೇರೆ. ಅಮೆರಿಕದ ತತ್ವಜ್ಞಾನಿ ಜೂಡಿತ್ ಬಟ್ಲರ್ ಅವರ 90ಕ್ಕೂ ಹೆಚ್ಚು ಪದಗಳ ಒಂದು ವಾಕ್ಯಕ್ಕೆ 1998ರಲ್ಲಿ ಒಂದು ಪತ್ರಿಕೆ 'ಕೆಟ್ಟ ಬರವಣಿಗೆ'ಯ ಮೊದಲ ಬಹುಮಾನ ಕೊಟ್ಟಿತು. ಅಲ್ಲಿ ಮೊದಲು ಮುಖ್ಯ ಕ್ರಿಯಾಪದ ಹುಡುಕಬೇಕು. ಸಿಕ್ಕಿದರೆ ಸಂಗತಿ ಬಿಡಿಸಿಕೊಳ್ಳುತ್ತದೆ. ಬಟ್ಲರ್ ಹೇಳುವುದು ಇಷ್ಟು: ಬಂಡವಾಳವು ಸಮಾಜವನ್ನು ಎಲ್ಲೆಡೆ ಒಂದೇ ಥರ ರೂಪಿಸುತ್ತದೆ ಎಂಬ ಯೋಚನೆಯನ್ನು ದಾಟಿ ಬಂದೆವು. ಅಧಿಕಾರ ಮತ್ತೆ ಮತ್ತೆ ನಡೆಯುತ್ತಾ ಉಳಿಯುತ್ತದೆ, ಹಾಗಾಗಿ ಬದಲಾಗಲೂಬಹುದು ಎಂಬ ಯೋಚನೆಗೆ ಬಂದೆವು. ಹೀಗೆ ಕಾಲದ ಪ್ರಶ್ನೆ ಚರ್ಚೆಯೊಳಗೆ ಬಂತು. ಅರ್ಥವೇ ಇಲ್ಲ ಅಂದವರು ಸುಮ್ನೆ ಓದದೇ ಬಿಟ್ಟವರು. ಎಲ್ಲರೂ ಒಪ್ಪಿಕೊಂಡ ನಂಬಿಕೆಗಳನ್ನು ಪ್ರಶ್ನಿಸಲು ಕೆಲವೊಮ್ಮೆ ಕಷ್ಟದ ಭಾಷೆ ಬೇಕು ಅಂತ ಬಟ್ಲರ್ 1999ರಲ್ಲಿ ಉತ್ತರಿಸಿದರು. ಅದನ್ನು ಒಪ್ಪುತ್ತೇನೆ. ಆದರೂ ಆ ವಾಕ್ಯವನ್ನು ಮೂರಾಗಿ ಒಡೆದಿದ್ದರೆ ಅದರೊಳಗಿನ ಯೋಚನೆ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ.