‘ಫೋಟೋ ಸ್ಟಾಪ್’ ಅಂದ್ರೆ ಕೋಟೆ ನೋಡಿದ ಹಾಗಲ್ಲ ಸ್ವಾಮಿ

ಬ್ರಿಟನ್ ಪ್ಯಾಕೇಜಿನ ಕರಪತ್ರ ಬಿಡಿಸಿದ್ರೆ ಮುಖಪುಟದ ತುಂಬಾ ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆ. ಒಳಗಿನ ದಿನಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ‘ಫೋಟೋ ಸ್ಟಾಪ್’. ಲಕ್ಷಗಟ್ಟಲೆ ದುಡ್ಡು ಎಣಿಸ್ಕೊಂಡು ಅಷ್ಟು ದೂರ ಕರ್ಕೊಂಡು ಹೋಗಿ, ಬಾಗಿಲ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿ ವಾಪಸ್! ಮೈಸೂರು ಅರಮನೆನ ಗೇಟಿಂದ ತೋರಿಸಿ ‘ಆಯ್ತು, ಬಸ್ ಹತ್ತಿ’ ಅಂದ್ರೆ ಸುಮ್ನಿರ್ತೀವಾ?

ಕೋಟೆ ಬಾಗಿಲ ಮುಂದಿನ ಆ ಎಸ್ಪ್ಲನೇಡ್ ಬಯಲಲ್ಲಿ ನಿಂತ್ರೆ ಕಣ್ಣಿಗೆ ಹೊಡೆಯೋದು ಎರಡೇ. ಎದುರಿನ ಹೆಬ್ಬಾಗಿಲು 1880ರ ದಶಕದ್ದು, ಚಂದಕ್ಕೆ ಕಟ್ಟಿದ್ದು. ಮೇಲಿನ ಅರ್ಧಚಂದ್ರದ ಕೊತ್ತಲ 1573ರ ಮುತ್ತಿಗೇಲಿ ಹಳೇ ಗೋಪುರ ಕುಸಿದ ಮೇಲಿನದ್ದು. ಮಧ್ಯಯುಗದ ಕೋಟೆ ಅಂತ ಜನ ಸೆಲ್ಫಿ ತಗೊಳ್ಳೋದು ಇವುಗಳ ಮುಂದೆ. ಆಗಸ್ಟಲ್ಲಿ ಹೋದ್ರೆ ‘ಟ್ಯಾಟೂ’ ಅನ್ನೋ ಮಿಲಿಟರಿ ಬ್ಯಾಂಡ್ ಪ್ರದರ್ಶನಕ್ಕೆ ಹಾಕೋ ಗ್ಯಾಲರಿಗಳು ಅದನ್ನೂ ಮರೆ ಮಾಡ್ತವೆ.

ನಿಜವಾದ ಹಳೇದೆಲ್ಲ ಒಳಗೆ, ಗುಡ್ಡದ ನೆತ್ತೀಲಿ. 1130ರ ಸುಮಾರಿನ ಸೇಂಟ್ ಮಾರ್ಗರೆಟ್ ಗುಡಿ ನಮ್ಮೂರ ಗರ್ಭಗುಡಿಯಷ್ಟೇ ಪುಟ್ಟದು, ಒಳಗಿನ ಕಮಾನಿಗೆ ಹಲ್ಲುಹಲ್ಲಾಗಿ ಕೆತ್ತನೆ. ಅದರ ಪಕ್ಕದಲ್ಲೇ 1449ರ ಮಾನ್ಸ್ ಮೆಗ್ ಫಿರಂಗಿ, ಆರು ಟನ್: ಕಬ್ಬಿಣದ ಪಟ್ಟಿಗಳನ್ನ ಉದ್ದಕ್ಕೆ ಜೋಡಿಸಿ, ಪೀಪಾಯಿಗೆ ಬಿಗಿದ ಹಾಗೆ ಬಳೆ ತೊಡಿಸಿದ್ದಾರೆ. ಸ್ಕಾಟ್ಲೆಂಡಿನ ರಾಜಕಿರೀಟ ಇಟ್ಟಿರೋ ಕೋಣೆಗಂತೂ ಕ್ಯೂ ಇದ್ದೇ ಇರುತ್ತೆ. ಇಷ್ಟಕ್ಕೆ ಎರಡೂವರೆ ಗಂಟೆ ಕಮ್ಮೀಲಿ ಆಗಲ್ಲ.

ಟೂರ್ ಕಂಪನಿಯವರು ಒಳಗೆ ಕರ್ಕೊಂಡು ಹೋಗದ ಕಾರಣ ಗುಟ್ಟೇನಲ್ಲ. ಟಿಕೆಟ್ಟಿಗೆ ಒಳಹೋಗೋ ಸಮಯ ಮೊದಲೇ ಗೊತ್ತು ಮಾಡ್ಬೇಕು. ಬೆಳಗ್ಗೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬಿಟ್ಟ ಬಸ್ಸು ದಾರೀಲಿ ಎರಡು ಕಡೆ ನಿಂತು ಮಧ್ಯಾಹ್ನ ಕಳೆದು ತಲುಪುತ್ತೆ. ಬೇಸಿಗೇಲಿ ಆರಕ್ಕೆ ಬಾಗಿಲು ಹಾಕಿದ್ರೂ ಕೊನೇ ಪ್ರವೇಶ ಐದಕ್ಕೇ. ಟಿಕೆಟ್ ತೆಗೆಸದೇ ಇದ್ರೆ ನಲವತ್ತು ಜನರ ದುಡ್ಡೂ ಉಳೀತು, ಗೋಜೂ ತಪ್ಪಿತು. ಬೈಯಿಸ್ಕೊಳ್ಳೋದು ಮಾತ್ರ ಪಾಪದ ಟೂರ್ ಮ್ಯಾನೇಜರ್.

ಮುಂಗಡ ಕಟ್ಟೋ ಮುಂಚೆ ಪ್ರವೇಶ ಟಿಕೆಟ್ ಸೇರಿದೆಯಾ, ಎಷ್ಟು ಗಂಟೆಗೆ ಅಂತ ಬರಹದಲ್ಲಿ ತಗೊಳ್ಳಿ. ಸೇರಿಲ್ಲ ಅಂದ್ರೆ ‘ಫ್ರೀ ಡೇ’ ಬೆಳಗ್ಗೆ ಒಂಬತ್ತೂವರೆಯ ಟಿಕೆಟ್ ನೀವೇ ಆನ್‌ಲೈನಲ್ಲಿ ತೆಗೆದು, ಸೀದಾ ಕಿರೀಟದ ಕೋಣೆಗೆ ಹೋಗಿ. ವಯಸ್ಸಾದವರಿದ್ರೆ ಲ್ಯಾಂಗ್ ಸ್ಟೇರ್ಸಿನ ಎಪ್ಪತ್ತು ಮೆಟ್ಟಿಲು ಬೇಡ, ಸುತ್ತು ದಾರಿ ಹಿಡೀರಿ. ಅದೂ ಗುಂಡುಕಲ್ಲಿನ ಏರು, ಮಳೇಲಿ ಚಪ್ಪಲಿ ಜಾರುತ್ತೆ. ಕೋಟೇಲಿ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹಾರಿಸೋ ತೋಪನ್ನ ಭಾನುವಾರ ಹಾರಿಸಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಟೂರ್ ಕಂಪನಿಯವರು ‘ಟೈಮ್ ಇದ್ರೆ ನೋಡೋಣ ಸಾರ್’ ಅಂದ್ರೆ, ಟಿಕೆಟ್ ತೆಗೆಸಿಲ್ಲ ಅಂತಲೇ ಲೆಕ್ಕ.