ಲೋಣಾವಳ ಲೋಕಲ್‌ನಲ್ಲಿ ಸಿಕ್ಕ ಬುದ್ಧ

ನನ್ನೂರು ಬನವಾಸಿ ಹತ್ತಿರ. ಪುಣೆಗೆ ಬಂದು ಹನ್ನೆರಡು ವರ್ಷವಾಯಿತು. ನಮ್ಮೂರಲ್ಲಿ ನನಗೆ ಬುದ್ಧ ಅಂದರೆ ಶಾಲೆಯ ಪಾಠ, ಇಲ್ಲವೇ ಯಾರದೋ ಮನೆಯ ಶೋಕೇಸಿನ ಮೂರ್ತಿ. ಅವನನ್ನು ದಿನಾ ಜೊತೆಗಿಟ್ಟುಕೊಂಡು ಬದುಕುವವರನ್ನು ನಾನು ಕಂಡಿದ್ದು ಇಲ್ಲಿ, ಅದೂ ರೈಲಿನಲ್ಲಿ.

ಅವತ್ತು ಡಿಸೆಂಬರ್ 25. ಮನೆಯವರೆಲ್ಲ ಲೋಣಾವಳ ಹತ್ತಿರದ ಕಾರ್ಲಾದ ಏಕವೀರಾ ದೇವಿ ದರ್ಶನಕ್ಕೆ ಹೊರಟಿದ್ದೆವು. ರೈಲಿನ ಬೋಗಿ ತುಂಬ ಬಿಳಿ ಸೀರೆ, ಬಿಳಿ ಅಂಗಿ ತೊಟ್ಟವರು. "ಇವತ್ತೇನು ವಿಶೇಷ, ಕಾಕು?" ಎಂದು ಎದುರು ಕೂತ ಹೆಂಗಸನ್ನು ಕೇಳಿದೆ. ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. 1954ರಲ್ಲಿ ಇದೇ ದಿನ ಬಾಬಾಸಾಹೇಬ್ ಅಂಬೇಡ್ಕರ್ ದೇಹೂರೋಡಿನ ವಿಹಾರದಲ್ಲಿ ಬುದ್ಧನ ಮೂರ್ತಿ ಇಟ್ಟರಂತೆ. ಅವರು ನಾಗಪುರದಲ್ಲಿ ಬೌದ್ಧ ಧರ್ಮದ ದೀಕ್ಷೆ ತಗೊಳ್ಳುವುದಕ್ಕೂ ಎರಡು ವರ್ಷ ಮೊದಲು. ಕಾಕು ಅದನ್ನು ತಮ್ಮ ಮನೆಯ ಗೃಹಪ್ರವೇಶದ ಸುದ್ದಿ ಹೇಳುವ ಹಾಗೆ ಹೇಳಿದರು. ಮಾತಿಗೆ ಮಾತು ಬಂದು, ನನಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದೆ. "ಇಗತ್‌ಪುರಿಗೆ ಹೋಗಿ ಬಾ ಭಾವೂ, ಹತ್ತು ದಿನ ಸುಮ್ನೆ ಕೂತ್ಕೋ" ಎಂದರು. ವಿಪಶ್ಯನಾ ಎಂಬ ಧ್ಯಾನ ಕಲಿಸುವ ಕೇಂದ್ರ ಅಲ್ಲಿದೆ. ದೇಹೂರೋಡ್ ಬಂತು, ಇಳಿದು ಹೋದರು. ಅವರ ಹೆಸರೂ ಕೇಳಲಿಲ್ಲ.

ಮುಂದಿನ ವರ್ಷ ಹೋದೆ. ಬೆಳಗಿನ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಫೋನಿಲ್ಲ. ಮೊದಲ ಮೂರು ದಿನ ಉಸಿರು ನೋಡುವುದೊಂದೇ ಕೆಲಸ: ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲೆ, ಬೆರಳಗಲ ಜಾಗ. ಎರಡನೇ ದಿನ ಮಂಡಿ ನೋವಿಗೆ ಅಳು ಬಂತು. ನಾಲ್ಕನೇ ದಿನದಿಂದ ಆ ನೋವನ್ನೇ ನೋಡಲು ಹೇಳಿಕೊಟ್ಟರು. ನೋಡುತ್ತಾ ಕೂತರೆ ಅದು ಉರಿಯಾಯಿತು, ಆಮೇಲೆ ಜುಮ್ಮೆಂದಿತು, ಆಮೇಲೆ ಎಲ್ಲೋ ಹೋಯಿತು. ಸಂಜೆ ಐದಕ್ಕೆ ಚಹಾ, ಮಂಡಕ್ಕಿ. ಆ ಮಂಡಕ್ಕಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಫೀಸು ಇಲ್ಲ. ಶಿಬಿರ ಮುಗಿಸಿದವರಿಂದ ಮಾತ್ರ ದಾನ ತಗೊಳ್ಳುತ್ತಾರೆ.

ನಮ್ಮ ಕಡೆ ಧ್ಯಾನ ಇಲ್ಲ ಅಂತಲ್ಲ. ಕರ್ನಾಟಕದಲ್ಲೂ ವಿಪಶ್ಯನಾ ಕೇಂದ್ರಗಳಿವೆ, ಕಲಬುರಗಿಯಲ್ಲಿ ದೊಡ್ಡ ವಿಹಾರವಿದೆ, ಬೈಲಕುಪ್ಪೆ ಇದೆ. ಆದರೆ ನನ್ನಂಥವರ ಮನೆಗಳಲ್ಲಿ ಬುದ್ಧನನ್ನು ಮನಸ್ಸಿನ ಶಾಂತಿಗೆ ಅಂತಷ್ಟೇ ಇಟ್ಟುಕೊಂಡಿದ್ದೇವೆ. ಕಾಕುವಿಗೆ ಅವನು ಶಾಂತಿಯೂ ಹೌದು, ತಲೆಯೆತ್ತಿ ನಡೆಯುವ ಧೈರ್ಯವೂ ಹೌದು. ಈ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ತಗೊಂಡರೆ ಅರ್ಧ ತಗೊಂಡ ಹಾಗೆ ಅಲ್ವಾ? ಮಹಾರಾಷ್ಟ್ರದವರು ನನಗೆ ಕಲಿಸಿದ್ದು ಇದನ್ನೇ.

ಅವತ್ತಿನ ಕಾರ್ಲಾ ಬಗ್ಗೆ ಹೇಳಲೇಬೇಕು. ದೇವಿಯ ಗುಡಿ ಇರುವುದು ಬೌದ್ಧ ಚೈತ್ಯದ, ಅಂದರೆ ಬಂಡೆ ಕೊರೆದು ಮಾಡಿದ ಪ್ರಾರ್ಥನಾ ಮಂದಿರದ, ಬಾಗಿಲಲ್ಲೇ. ಕ್ಯೂ ಉದ್ದವಿತ್ತು. ಸುಮ್ನೆ ಒಳಗೆ ಹೊಕ್ಕೆ. ಎರಡು ಸಾವಿರ ವರ್ಷದ ಮರದ ತೊಲೆಗಳು ಛಾವಣಿಯಲ್ಲಿ ಇನ್ನೂ ಇವೆ. ಆನೆಗಳನ್ನು ಕೆತ್ತಿದ ಮುಂಭಾಗದಲ್ಲಿ ಒಂದು ಬ್ರಾಹ್ಮಿ ಶಾಸನವಿದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲುಮನೆಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಭೂತಪಾಲ ಶ್ರೇಷ್ಠಿ ಎನ್ನುತ್ತದೆ ಅದು. ವೈಜಯಂತಿ ಅಂದರೆ ನಮ್ಮ ಬನವಾಸಿ ಎಂದೇ ವಿದ್ವಾಂಸರು ಹೇಳುತ್ತಾರೆ. ಯಾರೋ ಗೈಡು ಮರಾಠಿಯಲ್ಲಿ ಅದನ್ನು ಹೇಳುತ್ತಿದ್ದಾಗ ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಮೈ ಜುಮ್ಮೆಂದಿತು.

ಈ ಡಿಸೆಂಬರಿಗೆ ಅಮ್ಮ ಊರಿಂದ ಬರುತ್ತಾರೆ. ಅವರಿಗೆ ಮೆಟ್ಟಿಲು ಹತ್ತುವುದು ಕಷ್ಟ. ನಿಧಾನಕ್ಕೆ, ನಾಲ್ಕು ಕಡೆ ಕೂತು ಕೂತು ಹತ್ತಿಸುತ್ತೇನೆ. ಆ ಅಕ್ಷರಗಳನ್ನು ಅವರಿಗೆ ತೋರಿಸಬೇಕು.