ನಮ್ಮ ಹುಡುಗಿ ಕ್ವಾಂಟಮ್ ಲ್ಯಾಬಿಗೆ ಹೋಗಬೇಕಾ?

ಪರ: ಚಿಕ್ಕಪ್ಪ, ಮಾಟುಂಗಾ

ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದ ಹುಡುಗಿ ಪಿಎಚ್‌.ಡಿ. ಮಾಡ್ತೀನಿ ಅಂದರೆ ಮುಂಬೈಯ ನಮ್ಮ ಕನ್ನಡ ಮನೆಗಳಲ್ಲಿ ಕೇಳುವುದು ಒಂದೇ: ಕೆಲಸ ಸಿಗುತ್ತಾ? ಸಿಗುತ್ತೆ ಅನ್ನುವವನು ನಾನು. ಅಣ್ಣನ ಮಗಳಿಗೂ ಅದನ್ನೇ ಹೇಳಿದೆ.

ಕ್ವಾಂಟಮ್ ಲ್ಯಾಬಿನ ಕೆಲಸಕ್ಕೆ ಒಂದು ಉದಾಹರಣೆ ಕ್ವಾಂಟಮ್ ಡಾಟ್. ಅಂದರೆ ಎಲೆಕ್ಟ್ರಾನಿಗೆ ಮಿಸುಕಾಡಲೂ ಜಾಗವಿಲ್ಲದಷ್ಟು ಪುಟ್ಟ ಅರೆವಾಹಕದ (ಸೆಮಿಕಂಡಕ್ಟರಿನ) ಚೂರು. ಗಾತ್ರ ಬದಲಾದರೆ ಅದು ಚೆಲ್ಲುವ ಬಣ್ಣವೇ ಬದಲು. ಚಿಕ್ಕದು ನೀಲಿಯ ಕಡೆ, ದೊಡ್ಡದು ಕೆಂಪಿನ ಕಡೆ. ಇದಕ್ಕೆ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು 2023ರಲ್ಲಿ. ಅಷ್ಟರಲ್ಲಿ ಅಂಗಡಿಗಳಲ್ಲಿ ಕ್ವಾಂಟಮ್ ಡಾಟ್ ಟಿವಿ ಆಗಲೇ ಮಾರಾಟಕ್ಕಿತ್ತು!

ಇನ್ನು ಕೈಕೆಲಸ. ಹಳದಿ ದೀಪದ, ಧೂಳಿಲ್ಲದ ಕ್ಲೀನ್‌ರೂಮ್, ಮೈಪೂರ್ತಿ ಮುಚ್ಚುವ ಸೂಟು. ವೇಫರ್ ಅನ್ನುವ ತೆಳು ಅರೆವಾಹಕ ಬಿಲ್ಲೆಯ ಮೇಲೆ ರೆಸಿಸ್ಟ್, ಅಂದರೆ ಕಿರಣ ತಾಗಿದ ಕಡೆ ಬದಲಾಗುವ ದ್ರಾವಣ, ಹಾಕಿ ಗಿರ್ರನೆ ತಿರುಗಿಸಬೇಕು. ಎಲೆಕ್ಟ್ರಾನ್ ಕಿರಣದಲ್ಲಿ ಗೆರೆ ಬರೆದು, ತೊಳೆದು, ಲೋಹ ಕೂರಿಸಬೇಕು. ಆಮೇಲೆ ಅಸಿಟೋನ್‌ನಲ್ಲಿ ಅದ್ದಿದರೆ ಬೇಡದ ಲೋಹ ಎದ್ದು ಹೋಗುತ್ತದೆ. ಒಂದೊಂದು ಸಲ ಬೇಕಾದದ್ದೂ ಹೋಗುತ್ತದೆ, ಆ ಮಾತು ಬೇರೆ. ಹೀಗೆ ಕೈ ಪಳಗಿದವರು ಚಿಪ್ ಕಾರ್ಖಾನೆಗೂ ಬೇಕು. ಕ್ವಾಂಟಮ್ ಕಂಪ್ಯೂಟರ್ ಬರಲಿ, ಬಿಡಲಿ, ಕಲಿತದ್ದು ಎಲ್ಲಿಗೂ ಹೋಗಲ್ಲ.

ದೂರ ಹೋಗುವುದೂ ಬೇಡ. ಪೊವೈ ಐಐಟಿಯಲ್ಲಿ ನ್ಯಾನೋ ಫ್ಯಾಬ್ರಿಕೇಷನ್ ಕೇಂದ್ರ ಇದೆ. ಕೊಲಾಬಾದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಪುಣೆಯ ಡಿಆರ್‌ಡಿಒ ಲ್ಯಾಬ್, ಟಿಸಿಎಸ್ ಸೇರಿ 2024ರಲ್ಲಿ 6 ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಲೆಕ್ಕದ ಮೂಲ ಘಟಕ) ಪ್ರೊಸೆಸರನ್ನು ಪರೀಕ್ಷಿಸಿ ತೋರಿಸಿದರು.

ವಿರೋಧ: ಸೋದರತ್ತೆ, ಪುಣೆ

ತಮ್ಮನ ಮಾತು ಕೇಳಲು ಚೆಂದ. ಆದರೆ ಆ 6 ಕ್ಯೂಬಿಟ್ ಸೂಪರ್‌ಕಂಡಕ್ಟರಿನದು (ತೀರಾ ತಂಪಿನಲ್ಲಿ ಅಡ್ಡಿಯಿಲ್ಲದೆ ವಿದ್ಯುತ್ ಹರಿಸುವ ವಸ್ತು), ಅವನು ಹೊಗಳುವ ಅರೆವಾಹಕ ಡಾಟ್‌ದಲ್ಲ. 2023ರಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಕ್ವಾಂಟಮ್ ಮಿಷನ್ 8 ವರ್ಷದಲ್ಲಿ 50ರಿಂದ 1000 ಕ್ಯೂಬಿಟ್ ಗುರಿ ಇಟ್ಟುಕೊಂಡಿದೆ. 2024ರಲ್ಲಿ ಆ 6ರಲ್ಲಿದ್ದೆವು, ನೀವೇ ನೋಡಿ.

ಡಾಟ್‌ನೊಳಗೆ ಹಿಡಿದಿಟ್ಟ ಎಲೆಕ್ಟ್ರಾನನ್ನೇ ಒಳ್ಳೆಯ ಕ್ಯೂಬಿಟ್ ಮಾಡಲು ಸಾಮಾನ್ಯ ಸಿಲಿಕಾನ್ ಸಾಕಾಗಲ್ಲ. ಅದರಲ್ಲಿ ಸುಮಾರು 4.7% ಸಿಲಿಕಾನ್-29 ಅನ್ನುವ ತುಸು ಭಾರದ ಬಗೆ ಇರುತ್ತದೆ. ಆ ಪರಮಾಣುಗಳ ಬೀಜವೇ ಪುಟ್ಟ ಆಯಸ್ಕಾಂತ, ಪಕ್ಕದ ಎಲೆಕ್ಟ್ರಾನನ್ನು ಕೆಣಕುತ್ತಲೇ ಇರುತ್ತದೆ. ಹಾಗಾಗಿ ಶುದ್ಧೀಕರಿಸಿದ ಸಿಲಿಕಾನ್-28 ಬೇಕು. ಜೊತೆಗೆ ಮೈನಸ್ 273 ಡಿಗ್ರಿಯ ಹತ್ತಿರಕ್ಕೆ ತಂಪು ಮಾಡುವ ಡೈಲ್ಯೂಷನ್ ಫ್ರಿಜ್, ಅದರೊಳಗೆ ಹೀಲಿಯಂ-3. ಟ್ರಿಟಿಯಂ ಕ್ಷಯಿಸಿ ಹುಟ್ಟುವ ಈ ಅನಿಲ ಸುಲಭಕ್ಕೆ ಸಿಗುವಂಥದ್ದಲ್ಲ. ಇದರಲ್ಲಿ ಒಂದು ಕೈಕೊಟ್ಟರೂ ಹುಡುಗಿಯ ಕೆಲಸ ನಿಂತಂತೆ.

ಪಿಎಚ್‌.ಡಿ. ಶುರುವಿನಲ್ಲಿ ಸಿಗುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಹಾಸ್ಟೆಲ್ ಸಿಗದಿದ್ದರೆ ಮುಂಬೈಯಲ್ಲಿ ಬಾಡಿಗೆಗೇ ಎಷ್ಟು ಹೋಗುತ್ತೆ ಅಂತ ತಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಕೈಕೆಲಸವೇ ಮುಖ್ಯ ಅಂದರೆ ಅದನ್ನು ಚಿಪ್ ಕಾರ್ಖಾನೆಯಲ್ಲೇ ಸಂಬಳ ತಗೊಂಡು ಕಲಿಯಬಹುದು, ಅಲ್ವಾ?

ಹೋಗಲೇಬೇಕು ಅಂತ ಹಟ ಹಿಡಿದರೆ ಸೆನ್ಸಿಂಗ್ (ಸೂಕ್ಷ್ಮ ಅಳತೆ) ಕಡೆ ಹೋಗಲಿ. ಮಿಷನ್ನಿನ ಆ ಹಬ್ ಪೊವೈಯಲ್ಲೇ ಇದೆ. ವಜ್ರದೊಳಗಿನ ನೈಟ್ರೋಜನ್ ದೋಷವನ್ನು ಬಳಸಿ ಕಾಂತಕ್ಷೇತ್ರ ಅಳೆಯುವ ಕೆಲಸ ಕೋಣೆಯ ತಾಪಮಾನದಲ್ಲೇ ನಡೆಯುತ್ತದೆ. ಅದಕ್ಕೆ ಈ ಫ್ರಿಜ್ಜಿನ ರಗಳೆ ಇಲ್ಲ.